ಮೋಟ್ರು ಮನೆ ಗಡಿಯಾರಕ್ಕೆ ಕರೆಂಟು ಎಲ್ಲಿಂದ?

ನಮ್ಮ ಮೋಟ್ರು ಮನೆಗೆ ಬಂದೋರು ಮೊದಲು ಗಡಿಯಾರ ನೋಡ್ತಾರೆ. ಆಮೇಲೆ ಕೇಳೋ ಪ್ರಶ್ನೆ ಒಂದೇ. "ಲೈನಲ್ಲಿ ಕರೆಂಟೇ ಇಲ್ಲ, ಇದು ಹೆಂಗೆ ಉರೀತಿದೆ?" ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯ್ತು, ಅದಕ್ಕೆ ಬರೆದು ಹಾಕ್ತಿದೀನಿ. ಸ್ವಲ್ಪ ಉದ್ದ ಇದೆ, ಹಾಲು ಕರೆದು ಡೈರಿಗೆ ಹಾಕಿ ಬಂದು ಓದಿ.

ಮೊದಲು ಗಡಿಯಾರ ಯಾಕೆ ಬೇಕಾಯ್ತು ಅಂತ ಹೇಳಬೇಕು. ಬೋರು ನಮ್ಮಪ್ಪ ಹಾಕ್ಸಿದ್ದು. ಅಣ್ಣತಮ್ಮಂದಿರು ಮೂರು ಜನ ಭಾಗ ಆದಾಗ ಜಮೀನು ಹಂಚಿಕೊಂಡ್ವಿ, ಬೋರು ಮಾತ್ರ ಜಂಟಿ ಉಳೀತು. ಅಣ್ಣ ಈಗ ಇಲ್ಲ, ಅವರ ಪಾಲು ಅತ್ತಿಗೆ ನೋಡ್ಕೋತಾರೆ. ನಮ್ಮ ಲೈನಿಗೆ ತ್ರೀ ಫೇಸು ದಿನಕ್ಕೆ 7 ಗಂಟೆ. ಮೂರು ಪಾಲಿಗೆ ಹಂಚಿದ್ರೆ ಒಬ್ಬೊಬ್ಬರಿಗೆ 2 ಗಂಟೆ 20 ನಿಮಿಷ. ಕೇಳೋಕೆ ಸುಲಭ. ಆದ್ರೆ ಕರೆಂಟು ಮಧ್ಯದಲ್ಲಿ ನಾಲ್ಕು ಸಲ ಹೋಗಿ ಬರುತ್ತೆ, ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಯಾರ ಪಾಳಿಲಿ ಎಷ್ಟು ಹೊತ್ತು ಹೋಯ್ತು ಅನ್ನೋದನ್ನ ಅಲ್ಲೇ ನೇತು ಹಾಕಿರೋ ನೋಟ್‌ಬುಕ್ಕಲ್ಲಿ ಬರೀಬೇಕು. ಬರೋದು ಒಂದೂವರೆ ಇಂಚು ನೀರು. ಬೇಸಿಗೇಲಿ ಕಾಲು ಗಂಟೆ ನೀರು ಅಂದ್ರೆ ಅಡಿಕೆ ಸಸಿ ಒಂದು ಸಾಲು ಉಳಿಯೋ ಮಾತು, ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮೊಬೈಲ್ ಇಲ್ವಾ ಅಂತೀರಿ. ಇದೆ. ಅತ್ತಿಗೆ ಹತ್ರ ಇರೋದು ಕೀಪ್ಯಾಡ್ ಫೋನು, ಅದರ ಟೈಮು ಹತ್ತು ನಿಮಿಷ ಮುಂದೆ. ತಮ್ಮ ಫೋನು ಮನೇಲಿ ಚಾರ್ಜಿಗೆ ಹಾಕಿ ಬರ್ತಾನೆ. ಅದಕ್ಕೆ ಮೊದಲು ಒಂದು ಗೋಡೆ ಗಡಿಯಾರ ತಂದು ಹಾಕಿದ್ವಿ, ಪೆನ್ಸಿಲ್ ಸೆಲ್ಲಿಂದು. ಎಂಟು ತಿಂಗಳು ನಡೀತು. ಆಮೇಲೆ ಹೋದ ಬೇಸಿಗೇಲಿ ಯಾರೋ ಹಿಂದಿನ ತಿರುಪು ತಿರುಗಿಸಿ ಮುಳ್ಳು 25 ನಿಮಿಷ ಹಿಂದಕ್ಕೆ ಇಟ್ರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಅತ್ತಿಗೇಗೂ ತಮ್ಮನ ಹೆಂಡ್ತಿಗೂ ಮಾತು ನಿಂತೋಯ್ತು. ಯುಗಾದಿ ದಿನ ಒಂದೇ ಅಂಗಳದಲ್ಲಿ ಎರಡು ಕಡೆ ಬೇವು ಬೆಲ್ಲ ಮಾಡಿದ್ರು. ಅವತ್ತು ನಮ್ಮಮ್ಮ ಊಟ ಮಾಡಲಿಲ್ಲ.

ಆಗ ಅಣ್ಣನ ಮಗಳು ಹೇಳಿದ್ಲು, "ಚಿಕ್ಕಪ್ಪ, ಯಾರೂ ತಿರುಗಿಸೋಕೆ ಆಗದೇ ಇರೋ ಗಡಿಯಾರ ನಾನು ಮಾಡ್ಕೊಡ್ತೀನಿ." ಅವಳು ತುಮಕೂರಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದ್ತಿದಾಳೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಸಾಮಾನು ತಂದ್ಲು. ಕೆಂಪು ಅಂಕಿ ಬರೋ ಡಿಸ್‌ಪ್ಲೇ ಒಂದು, ಆರ್ಡುಯಿನೊ ನ್ಯಾನೋ ಅಂತ ಬೆರಳುದ್ದದ ಬೋರ್ಡು, ಸಮಯ ಲೆಕ್ಕ ಇಡೋ ಡಿಎಸ್ 3231 ಅನ್ನೋ ಚಿಪ್ಪು. ಗುಂಡಿ, ತಿರುಪು ಏನೂ ಇಲ್ಲ. ಟೈಮು ಬದಲಾಯಿಸಬೇಕು ಅಂದ್ರೆ ಲ್ಯಾಪ್‌ಟಾಪ್ ತಂದು ವೈರ್ ಚುಚ್ಚಬೇಕು. ನಮ್ಮ ಮೂರು ಮನೇಲಿ ಲ್ಯಾಪ್‌ಟಾಪ್ ಇರೋದು ಅವಳ ಹತ್ರ ಮಾತ್ರ, ಅದೂ ಹಾಸ್ಟೆಲಲ್ಲಿ.

ಗಡಿಯಾರ ಎರಡು ಭಾನುವಾರದಲ್ಲಿ ಆಯ್ತು. ಅದಕ್ಕೆ ಕರೆಂಟು ಎಲ್ಲಿಂದ ಅನ್ನೋದು ತೀರ್ಮಾನ ಆಗೋಕೆ ಒಂದೂವರೆ ತಿಂಗಳು ಹಿಡೀತು. ಯಾಕಂದ್ರೆ ಕರೆಂಟು ಹೋಗಿ ಬಂದಾಗ ಗಡಿಯಾರ ಒಂದೇ ಒಂದು ಸಲ 00:00 ಅಂತ ಮಿಣುಕಿದ್ರೂ ಮುಗೀತು, "ನೋಡು, ಇದನ್ನೂ ಯಾರೋ ಏನೋ ಮಾಡಿದಾರೆ" ಅಂತ ಮತ್ತೆ ಶುರುವಾಗುತ್ತೆ.

ಮನೇಲಿ ಆಗಿದ್ರೆ ಯೋಚನೆಯೇ ಇರಲಿಲ್ಲ. ನಿರಂತರ ಜ್ಯೋತಿ ಆದ್ಮೇಲೆ ಊರಿನ ಲೈನು ಬೇರೆ, ಹೊಲದ ಲೈನು ಬೇರೆ. ಮನೇಲಿ ಹಳೇ ಮೊಬೈಲ್ ಚಾರ್ಜರ್ ಸಿಕ್ಕಿಸಿದ್ರೆ ಆಯ್ತು, 5 ವೋಲ್ಟ್ ಬರುತ್ತೆ, ಗಡಿಯಾರಕ್ಕೆ ಬೇಕಾಗಿದ್ದೂ ಅದೇ. ಮನೆಯೊಳಗೆ ಇಂಥದ್ದು ಮಾಡ್ಕೊಳ್ಳೋರಿಗೆ ನಾನು ಹೇಳೋದೂ ಇಷ್ಟೇ, ಒಳ್ಳೇ ಕಂಪನಿ ಚಾರ್ಜರ್ ಹಾಕಿ, ಮುಂದಿಂದು ಓದೋದು ಬೇಡ. ಹೊಲದ ಲೈನಿನ ಕಥೆ ಬೇರೆ. ದಿನಕ್ಕೆ 17 ಗಂಟೆ ಅದರಲ್ಲಿ ಏನೂ ಇರಲ್ಲ. ಇರೋ 7 ಗಂಟೇಲೂ ನೆಟ್ಟಗಿರಲ್ಲ. ಎಲ್ಲರ ಆಟೋ ಸ್ಟಾರ್ಟರ್ ಒಟ್ಟಿಗೆ ಎತ್ತಿದಾಗ ನಮ್ಮ ಬೋರ್ಡಿನ ಮೀಟರು 170ಕ್ಕೆ ಇಳಿಯುತ್ತೆ, ಮೋಟ್ರುಗಳೆಲ್ಲ ನಿಂತಾಗ 260 ತೋರಿಸುತ್ತೆ.

ಚಾರ್ಜರಿನ ಮೇಲೆ ಸಣ್ಣ ಅಕ್ಷರದಲ್ಲಿ 100ರಿಂದ 240 ವೋಲ್ಟ್ ಅಂತ ಬರೆದಿರುತ್ತೆ. ಅಂದ್ರೆ ಇಳಿಕೆಗೆ ಅದು ಹೆದರಲ್ಲ, ಏರಿಕೆಗೆ ಹೆದರುತ್ತೆ. ಯಾಕೆ ಅಂತ ಹುಡುಗಿ ಒಂದು ಸುಟ್ಟ ಚಾರ್ಜರ್ ಬಿಚ್ಚಿ ತೋರಿಸಿದ್ಲು. ಒಳಗೆ ಒಂದು ದುಂಡನೆ ಕೆಪಾಸಿಟರ್, ಅದರ ಮೇಲೆ 400 ವೋಲ್ಟ್ ಅಂತ ಇತ್ತು. ನಮ್ಮ ಎಸಿ ಕರೆಂಟು ಡಿಸಿ ಆದಾಗ 1.41 ಪಟ್ಟು ಆಗುತ್ತಂತೆ. 230 ಇದ್ರೆ 325. 280 ಬಂತು ಅಂದ್ರೆ 396, ಅಲ್ಲಿಗೆ ಕೆಪಾಸಿಟರ್ ಅಂಚಿಗೆ ಬಂತು. ಟಿಸಿ ಹತ್ರ ನ್ಯೂಟ್ರಲ್ ಕಡಿದುಹೋದ್ರೆ ಒಂದು ಫೇಸಿನ ಬಲ್ಬು ಚಾರ್ಜರುಗಳಿಗೆ ಎರಡು ಫೇಸಿನ ನಡುವಿನ 400 ಚಿಲ್ಲರೆ ವೋಲ್ಟಿನ ಹತ್ತಿರಕ್ಕೂ ಬರಬಹುದು. ಹೋದ ಮುಂಗಾರಲ್ಲಿ ಪಕ್ಕದ ತೋಟದವರ ಮೋಟ್ರು ಮನೇಲಿ ಬಲ್ಬು, ಚಾರ್ಜರ್, ರೇಡಿಯೋ ಮೂರೂ ಒಂದೇ ಏಟಿಗೆ ಹೋಗಿದ್ದು ಹಿಂಗೇ.

ಇಲ್ಲೇ ಒಂದು ಮಾತು ಗಟ್ಟಿಯಾಗಿ ಹೇಳಿಬಿಡ್ತೀನಿ. ಕೆಲವು ಮೋಟ್ರು ಮನೆಗೆ ಮೂರು ಫೇಸು ಮಾತ್ರ ಬಂದಿರುತ್ತೆ, ನ್ಯೂಟ್ರಲ್ ಇರಲ್ಲ. ಅಂಥ ಕಡೆ ಒಂದು ಫೇಸು ತಗೊಂಡು, ಇನ್ನೊಂದು ವೈರನ್ನ ಬೋರಿನ ಕೇಸಿಂಗ್ ಪೈಪಿಗೆ ಕಟ್ಟಿ ಬಲ್ಬು ಉರಿಸ್ತಾರೆ. ಬಲ್ಬು ಉರಿಯುತ್ತೆ, ನಿಜ. ಆದ್ರೆ ಆ ಕರೆಂಟು ಪೈಪಿನ ಮೂಲಕ ಮಣ್ಣಿಗೆ ಹೋಗ್ತಿರುತ್ತೆ. ಮಣ್ಣು ಒಣಗಿದಾಗ ಅಥವಾ ಜಾಯಿಂಟು ಸಡಿಲ ಆದಾಗ ಪೈಪೇ ಶಾಕ್ ಹೊಡೆಯುತ್ತೆ. ಅದರ ಪಕ್ಕದಲ್ಲೇ ದನ ನೀರು ಕುಡಿಯೋ ತೊಟ್ಟಿ ಇರುತ್ತೆ, ಮಕ್ಕಳು ಕೈಕಾಲು ತೊಳೀತಾರೆ. ಗಡಿಯಾರಕ್ಕಾಗಲಿ ಬಲ್ಬಿಗಾಗಲಿ ಈ ಕೆಲಸ ಮಾಡಬೇಡಿ. ಮಾಡಿದ್ರೆ ಇವತ್ತೇ ಬಿಚ್ಚಿ.

ಇನ್ನೊಂದು ಅಗ್ಗದ ದಾರಿ ಇದೆ. ಟ್ರಾನ್ಸ್‌ಫಾರ್ಮರೇ ಇಲ್ಲದೆ ಒಂದು ಕೆಪಾಸಿಟರ್, ಎರಡು ರೆಸಿಸ್ಟರ್ ಹಾಕಿ ಕರೆಂಟು ಇಳಿಸೋದು. ಸೊಳ್ಳೆ ಬ್ಯಾಟ್ ಚಾರ್ಜ್ ಆಗೋದು ಬಹಳ ಕಡೆ ಹಿಂಗೇ. ಅದರಲ್ಲಿ 5 ವೋಲ್ಟ್ ಬಂದ್ರೂ ಲೈನಿಗೂ ಗಡಿಯಾರಕ್ಕೂ ಮಧ್ಯೆ ಯಾವ ತಡೆಯೂ ಇರಲ್ಲ. ಒದ್ದೆ ಕೈಲಿ ಮುಟ್ಟಿದ್ರೆ ಲೈನನ್ನೇ ಮುಟ್ಟಿದ ಹಾಗೆ. ನೀರಾವರಿ ಮನೇಲಿ ಯಾರ ಕೈ ಒಣಗಿರುತ್ತೆ ಹೇಳಿ? ಹುಡುಗಿ ಅದನ್ನ ಚರ್ಚೆಗೂ ತಗೊಳ್ಳಲಿಲ್ಲ.

ನನಗೆ ಮನಸ್ಸಿದ್ದಿದ್ದು ಹಳೇ ಕಾಲದ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಮೇಲೆ. ರೇಡಿಯೋ ರಿಪೇರಿ ಅಂಗಡೀಲಿ ನೋಡಿದ್ದು. ಗಟ್ಟಿ ಸಾಮಾನು, ಏಟು ತಡೆಯುತ್ತೆ, ಲೈನಿಂದ ಪೂರಾ ಬೇರೆಯಾಗಿರುತ್ತೆ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡ್, ಒಂದು ದೊಡ್ಡ ಕೆಪಾಸಿಟರ್, ಕೊನೇಲಿ 7805 ಅನ್ನೋ ಮೂರು ಕಾಲಿನ ಐಸಿ. ಲೈನು 170ಕ್ಕೆ ಇಳಿದ್ರೂ 5 ವೋಲ್ಟ್ ಸರಿಯಾಗಿ ಕೊಡುತ್ತೆ. ಇದನ್ನ ಹುಡುಗಿ ಬೇಡ ಅನ್ನಲಿಲ್ಲ, ಲೆಕ್ಕ ಹಾಕಿ ತೋರಿಸಿದ್ಲು. 12ನ್ನ 1.41ರಿಂದ ಗುಣಿಸಿ ಡಯೋಡಿನ ಪಾಲು ಕಳೆದ್ರೆ ಸುಮಾರು 15.5 ವೋಲ್ಟ್. ಗಡಿಯಾರಕ್ಕೆ ಬೇಕಾಗಿದ್ದು 5. ಉಳಿದ 10.5 ವೋಲ್ಟನ್ನ ಆ ಐಸಿ ಬರೀ ಬಿಸಿ ಮಾಡಿ ಗಾಳಿಗೆ ಬಿಡುತ್ತೆ. ತಿನ್ನೋದು ಒಂದು ಪಾಲು, ಚೆಲ್ಲೋದು ಎರಡು ಪಾಲು. ಕರೆಂಟು ಬರ್ತಿದ್ರೆ ಚೆಲ್ಲಲಿ ಬಿಡು ಅನ್ನಬಹುದು. ಆದ್ರೆ 17 ಗಂಟೆ ಲೈನೇ ಸತ್ತಿರುವಾಗ ಎಂಥ ಒಳ್ಳೇ ಟ್ರಾನ್ಸ್‌ಫಾರ್ಮರ್ ತಗೊಂಡು ಏನು ಮಾಡೋದು.

ಕರೆಂಟಿನ 50 ಸೈಕಲ್ ಎಣಿಸಿಕೊಂಡು ಓಡೋ ಗಡಿಯಾರಗಳೂ ಇವೆ. ಅವೂ ನಮಗೆ ಆಗಲ್ಲ. ಸೈಕಲ್ ಇಡೀ ದಿನ 49.9 ಇದ್ರೆ ಹೆಚ್ಚೂಕಮ್ಮಿ 3 ನಿಮಿಷ ಹಿಂದೆ ಬೀಳುತ್ತೆ, ಲೈನು ಹೋದ್ರೆ ನಿಂತೇ ಹೋಗುತ್ತೆ.

ಈ ಹಂತದಲ್ಲಿ ಹುಡುಗಿ ಒಂದು ಮಾತು ಹೇಳಿದ್ಲು, ನನಗೆ ಪೂರಾ ವಿಷಯ ಅರ್ಥ ಆಗಿದ್ದು ಅದರಿಂದ. "ಚಿಕ್ಕಪ್ಪ, ಟೈಮು ಇಟ್ಕೊಳ್ಳೋದು ಬೇರೆ ಕೆಲಸ, ಟೈಮು ತೋರಿಸೋದು ಬೇರೆ ಕೆಲಸ. ಎರಡಕ್ಕೂ ಊಟ ಬೇರೆ ಬೇರೆ ಕಡೆಯಿಂದ ಹಾಕಬೇಕು." ಸಮಯ ಲೆಕ್ಕ ಇಡೋ ಚಿಪ್ಪಿಗೆ ಬೇಕಾಗೋ ಕರೆಂಟು ಇರುವೆ ಊಟದಷ್ಟು, ಒಂದು ಆಂಪಿನ ಹತ್ತು ಲಕ್ಷದಲ್ಲಿ ಮೂರು ಭಾಗದೊಳಗೆ. ಕೆಂಪು ಅಂಕಿ ಉರಿಯೋಕೆ ಬೇಕಾಗೋದು ಅದರ ಸಾವಿರಾರು ಪಟ್ಟು. ಅಂಕಿ ಆರಿಹೋದ್ರೆ ಆಕಾಶ ಬೀಳಲ್ಲ, ಕರೆಂಟು ಬಂದಾಗ ಮತ್ತೆ ಉರಿಯುತ್ತೆ. ಲೆಕ್ಕ ತಪ್ಪಬಾರದು ಅಷ್ಟೇ. ನಮ್ಮ ಕಡೆ ತೋಟಕ್ಕೆ ಬಿಡೋ ನೀರೂ ಕುಡಿಯೋ ನೀರಿನ ಟ್ಯಾಂಕೂ ಬೇರೆ ಇಡಲ್ವಾ, ಹಂಗೆ.

ಅದಕ್ಕೆ ಆ ಚಿಪ್ಪಿನ ಹಿಂದೆ ರೂಪಾಯಿ ಬಿಲ್ಲೆ ಥರದ 3 ವೋಲ್ಟಿನ ಸೆಲ್ಲು ಇರುತ್ತೆ, ಸಿಆರ್ 2032 ಅಂತ. ಲೈನು, ಬ್ಯಾಟರಿ ಎಲ್ಲ ಹೋದ್ರೂ ಇದೊಂದರ ಮೇಲೆ ಚಿಪ್ಪು ವರ್ಷಗಟ್ಟಲೆ ಸಮಯ ಇಟ್ಕೊಂಡಿರುತ್ತೆ. ಚಿಪ್ಪು ಅಸಲಿ ಆದ್ರೆ ವರ್ಷಕ್ಕೆ ಒಂದು ನಿಮಿಷದ ಆಸುಪಾಸು ವ್ಯತ್ಯಾಸ ಬರಬಹುದು. ಆದ್ರೆ ಇಲ್ಲಿ ಒಂದು ಎಚ್ಚರಿಕೆ ಇದೆ, ನೀವು ಯಾರಾದ್ರೂ ಮಕ್ಕಳ ಕೈಲಿ ಮಾಡಿಸೋದಾದ್ರೆ ಇದನ್ನ ಅವರಿಗೆ ತೋರಿಸಿ. ಅಂಗಡೀಲಿ ಸಿಗೋ ಈ ಚಿಪ್ಪಿನ ನೀಲಿ ಬೋರ್ಡಲ್ಲಿ ಸೆಲ್ಲನ್ನ ಚಾರ್ಜ್ ಮಾಡೋ ದಾರಿ ಒಂದು ಇರುತ್ತೆ, ಒಂದು ಡಯೋಡ್, ಒಂದು 200 ಓಮ್ ರೆಸಿಸ್ಟರ್. ಅದು ಎಲ್‌ಐಆರ್ 2032 ಅನ್ನೋ ಚಾರ್ಜ್ ಆಗೋ ಸೆಲ್ಲಿಗೆ ಮಾಡಿದ್ದು. ನಾವು ಅಂಗಡೀಲಿ ತರೋ ಸಿಆರ್ 2032 ಚಾರ್ಜ್ ಮಾಡೋ ಸೆಲ್ಲೇ ಅಲ್ಲ. ಬೋರ್ಡಿಗೆ 5 ವೋಲ್ಟ್ ಕೊಟ್ಟಾಗ ಆ ಸೆಲ್ಲಿಗೆ ಸುಮ್ಮನೆ ಚಾರ್ಜ್ ನುಗ್ಗಿ ಉಬ್ಬುತ್ತೆ, ಸೋರುತ್ತೆ, ಟೈಮೂ ಹೋಗುತ್ತೆ. ಹುಡುಗಿ ಆ ರೆಸಿಸ್ಟರ್ ಒಂದನ್ನ ಕಿತ್ತು ಹಾಕಿದ್ಲು. ಆಮೇಲೆ ಮನೇಲಿ ಎರಡು ದಿನ ಎಲ್ಲ ವೈರ್ ಬಿಚ್ಚಿಟ್ಟು ನೋಡಿದ್ವಿ. ಮತ್ತೆ ಕೊಟ್ಟಾಗ ಸರಿಯಾದ ಟೈಮಿಗೇ ಎದ್ದು ಕೂತ್ಕೊಂತು. ಅತ್ತಿಗೆ, ತಮ್ಮನ ಹೆಂಡ್ತಿ ಇಬ್ಬರನ್ನೂ ಕರೆದು ತೋರಿಸಿದ್ದು ಈ ಪರೀಕ್ಷೇನೇ. ಇಬ್ಬರೂ ಮಾತಾಡಲಿಲ್ಲ, ಆದ್ರೆ ಇಬ್ಬರೂ ಬಗ್ಗಿ ನೋಡಿದ್ರು.

ಈಗ ತೋರಿಸೋ ಕೆಲಸಕ್ಕೆ ಎಷ್ಟು ಬೇಕು ಅಂತ ಅಳತೆ. ಎಸ್ಸೆಸ್ಸೆಲ್ಸೀಲಿ ಕಲಿತಿದ್ದು ಒಂದು ಸೂತ್ರ ಇನ್ನೂ ತಲೇಲಿದೆ, ವೋಲ್ಟನ್ನ ಆಂಪಿಂದ ಗುಣಿಸಿದ್ರೆ ವಾಟ್. ಮಲ್ಟಿಮೀಟರನ್ನ ವೈರಿನ ಮಧ್ಯೆ ಹಾಕಿ ನೋಡಿದಾಗ ಅಂಕಿ ಪೂರ್ತಿ ಬೆಳಕಲ್ಲಿ ಇದ್ರೆ 110 ಮಿಲಿ ಆಂಪ್. ಬೆಳಕು ತಗ್ಗಿಸಿದ್ರೆ 60. ಮೋಟ್ರು ಮನೆ ಒಳಗೆ ಕತ್ತಲೇನೇ, ತಗ್ಗಿಸಿದ್ದೇ ಕಣ್ಣಿಗೆ ಹಿತ. ಅಲ್ಲಿಗೆ 0.3 ವಾಟ್. ವೋಲ್ಟ್ ಇಳಿಸೋ ಬೋರ್ಡು, ಸೋಲಾರ್ ಕಂಟ್ರೋಲರು ತಿನ್ನೋದೂ ಸೇರಿಸಿ ಅರ್ಧ ವಾಟ್ ಅಂತ ಇಟ್ಕೊಂಡ್ವಿ. 24 ಗಂಟೆಗೆ 12 ವಾಟ್ ಅವರ್. ನಮ್ಮ 5 ಎಚ್‌ಪಿ ಮೋಟ್ರು ಇಷ್ಟನ್ನ ಹದಿನೈದು ಸೆಕೆಂಡಿನೊಳಗೆ ತಿಂದು ಮುಗಿಸುತ್ತೆ.

ಲೀಥಿಯಂ ಸೆಲ್ಲು ಹಾಕೋಣ ಅಂತ ಮೊದಲು ಯೋಚನೆ ಇತ್ತು, 18650 ಅಂತಾರಲ್ಲ, ಟಾರ್ಚಲ್ಲಿ ಇರೋದು. ಸಣ್ಣದು, ಹಗುರ. ಅದರ ಮೇಲೆ 9800 ಎಂಎಎಚ್ ಅಂತ ಬರೆದಿದ್ರೆ ನಂಬಬೇಡಿ, ಆ ಅಳತೆ ಸೆಲ್ಲಲ್ಲಿ ಒಳ್ಳೇ ಕಂಪನಿಯದ್ದೇ 3500ರ ಹತ್ರಕ್ಕೆ ನಿಲ್ಲುತ್ತೆ. ನಾವು ಬಿಟ್ಟಿದ್ದು ಆ ಕಾರಣಕ್ಕಲ್ಲ. ಲೀಥಿಯಂ ಸೆಲ್ಲು ಚಾರ್ಜ್ ಆಗುವಾಗ ಬಿಸಿ 45 ಡಿಗ್ರಿ ದಾಟಬಾರದು. ನಮ್ಮ ಮೋಟ್ರು ಮನೆ ಮೇಲೆ ತಗಡು. ಏಪ್ರಿಲ್ ಮಧ್ಯಾಹ್ನ ಒಳಗೆ ನಿಂತು ನೋಡಿ, ಆಮೇಲೆ ಹೇಳಿ. ಯಾರೂ ಇಲ್ಲದ ಹೊತ್ತಲ್ಲಿ, ಒಣ ತೆಂಗಿನ ಗರಿ ಪಕ್ಕದಲ್ಲಿ, ಅಂಥದ್ದನ್ನ ಬಿಟ್ಟು ಬರೋಕೆ ನನ್ನ ಮನಸ್ಸು ಒಪ್ಪಲಿಲ್ಲ.

ಕೊನೆಗೆ ಉತ್ತರ ಕೊಟ್ಟಿಗೆ ಅಟ್ಟದ ಮೇಲೇ ಇತ್ತು. ಬ್ಯಾಟರಿ ಸ್ಪ್ರೇಯರ್ ಎಲ್ಲರ ಮನೇಲೂ ಇದೆ. ಅದರೊಳಗೆ 12 ವೋಲ್ಟ್ 8 ಆಂಪ್ ಅವರಿನ ಸೀಲ್ಡ್ ಬ್ಯಾಟರಿ. ಎರಡು ವರ್ಷ ಹೊಡೆದ ಮೇಲೆ ನಾಲ್ಕು ಟ್ಯಾಂಕಿಗೆ ಸುಸ್ತಾಗುತ್ತೆ, ಹೊಸದು ಹಾಕ್ತೀವಿ, ಹಳೇದು ಗುಜರಿಗೆ. ಔಷಧಿ ಹೊಡೆಯೋಕೆ ಸಾಲದ ಬ್ಯಾಟರಿ ಗಡಿಯಾರಕ್ಕೆ ಸಾಲಲ್ಲ ಅಂತೇನಿಲ್ಲ. ಎಷ್ಟು ಜೀವ ಉಳಿದಿದೆ ಅಂತ ನೋಡೋಕೆ ಪೂರ್ತಿ ಚಾರ್ಜ್ ಮಾಡಿ ಟ್ರ್ಯಾಕ್ಟರಿನ 12 ವೋಲ್ಟ್ 10 ವಾಟ್ ಬಲ್ಬು ಹಚ್ಚಿ ಕೂತೆ. ಮೀಟರು 11 ವೋಲ್ಟಿಗೆ ಬರೋ ಹೊತ್ತಿಗೆ 3 ಗಂಟೆ ಆಗಿತ್ತು. ಅಂದ್ರೆ ಸುಮಾರು 30 ವಾಟ್ ಅವರ್. ಹೊಸದಿದ್ದಾಗ 96 ಇರಬೇಕಾಗಿದ್ದು ಈಗ ಮೂರನೇ ಒಂದು ಪಾಲು. ಗಡಿಯಾರಕ್ಕೆ ಅದೇ ಎರಡೂವರೆ ದಿನದ ಊಟ, ಬಿಸಿಲೇ ಬರದಿದ್ರೂ. ನೀವು ಮಾಡೋದಾದ್ರೆ ಈ ಬಲ್ಬು ಪರೀಕ್ಷೆ ಮಾಡದೆ ಹಳೇ ಬ್ಯಾಟರಿ ನೆಚ್ಚಬೇಡಿ. 11ಕ್ಕಿಂತ ಕೆಳಗೆ ಇಳಿಸಲೂಬೇಡಿ, ಇರೋ ಜೀವವೂ ಹೋಗುತ್ತೆ.

ಅದನ್ನ ತುಂಬಿಸೋಕೆ 10 ವಾಟಿನ ಸಣ್ಣ ಸೋಲಾರ್ ಪ್ಯಾನಲ್, ಮಧ್ಯೆ ಒಂದು ಚಾರ್ಜ್ ಕಂಟ್ರೋಲರ್. ಒಳ್ಳೇ ಬಿಸಿಲಿಗೆ ದಿನಕ್ಕೆ 30ರಿಂದ 40 ವಾಟ್ ಅವರ್ ಬರುತ್ತೆ, ಬೇಕಾಗಿದ್ದು 12. ಮೋಡದ ದಿನ ಕಾಲು ಭಾಗ ಬಂದ್ರೆ ಸ್ವಲ್ಪ ಕಡಿಮೆ ಬೀಳುತ್ತೆ, ಅದನ್ನ ಬ್ಯಾಟರಿ ಸರಿದೂಗಿಸುತ್ತೆ. ಹೊಲದ ಲೈನಿನ ಸಹವಾಸವೇ ಬೇಡ ಅಂತ ಬಿಟ್ವಿ. ಲೈನು 170ಕ್ಕೆ ಇಳೀಲಿ, 400ಕ್ಕೆ ಏರಲಿ, ಗಡಿಯಾರಕ್ಕೆ ಸುದ್ದಿಯೇ ಮುಟ್ಟಲ್ಲ.

ಜೋಡಿಸುವಾಗ ನೋಡಬೇಕಾಗಿದ್ದು ನಾಲ್ಕೈದು ಸಂಗತಿ. ಕಂಟ್ರೋಲರಿಗೆ ಮೊದಲು ಬ್ಯಾಟರಿ ಕೊಡಬೇಕು, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. 12 ವೋಲ್ಟಿನ ಪ್ಯಾನಲ್ ಅಂತ ಹೆಸರು, ಬಿಸಿಲಲ್ಲಿ ಬರೀ ಬಿಟ್ರೆ 20ರ ಮೇಲೆ ತೋರಿಸುತ್ತೆ, ಅದನ್ನ ನೇರ ಗಡಿಯಾರಕ್ಕೆ ಮುಟ್ಟಿಸಿದ್ರೆ ಹೊಗೆ. ಬ್ಯಾಟರಿ ಪ್ಲಸ್ಸಿನ ಪಕ್ಕದಲ್ಲೇ 1 ಆಂಪ್ ಫ್ಯೂಸ್ ಇರಲಿ, ಬ್ಯಾಟರಿ ಹಳೇದಾದ್ರೂ ವೈರ್ ಸುಡೋಷ್ಟು ಶಕ್ತಿ ಇರುತ್ತೆ. 12ನ್ನ 5 ಮಾಡೋಕೆ ಎಲ್‌ಎಂ 2596 ಅನ್ನೋ ಬೋರ್ಡು ಸಿಗುತ್ತೆ. ಆಗಲೇ ಹೇಳಿದ 7805 ಥರ ಇದು ಬಿಸಿ ಮಾಡಿ ಚೆಲ್ಲಲ್ಲ. ಆದ್ರೆ ಅಂಗಡಿಯಿಂದ ಬಂದಾಗ ಅದು ಎಷ್ಟು ವೋಲ್ಟಿಗೆ ನಿಂತಿರುತ್ತೋ ದೇವರಿಗೇ ಗೊತ್ತು. ಗಡಿಯಾರ ಜೋಡಿಸೋಕೆ ಮುಂಚೆ ಮೀಟರ್ ಹಿಡಿದು ಅದರ ಮೇಲಿನ ಹಿತ್ತಾಳೆ ತಿರುಪನ್ನ ತಿರುಗಿಸಿ 5ಕ್ಕೆ ತರಬೇಕು. ತಂದ ಮೇಲೆ ತಿರುಪಿನ ಮೇಲೆ ಒಂದು ಹನಿ ಉಗುರು ಬಣ್ಣ. ಅದನ್ನ ಕೊಟ್ಟಿದ್ದು ತಮ್ಮನ ಹೆಂಡ್ತಿ.

ಬ್ಯಾಟರಿ ಇಡೋ ಪೆಟ್ಟಿಗೆಗೆ ಗಾಳಿ ಆಡೋ ತೂತು ಇರಬೇಕು, ಸೀಲ್ಡ್ ಅಂದ್ರೂ ಚಾರ್ಜ್ ಆಗುವಾಗ ಗ್ಯಾಸ್ ಬರಬಹುದು. ತೂತಿಗೆ ಸೊಳ್ಳೆ ಪರದೆ ಬಟ್ಟೆ ಅಂಟಿಸಿ, ಇಲ್ದಿದ್ರೆ ಇರುವೆ, ಹಲ್ಲಿ ಒಳಗೆ ಸಂಸಾರ ಹೂಡ್ತವೆ. ಸ್ಟಾರ್ಟರ್ ಡಬ್ಬಿ ಒಳಗೆ ಹಲ್ಲಿ ಸುಟ್ಟು ಮೋಟ್ರು ನಿಂತಿದ್ದು ನೋಡಿದೋರಿಗೆ ಇದು ಹೊಸದೇನಲ್ಲ.

ಖರ್ಚು ಕೇಳ್ತೀರಿ. ಪ್ಯಾನಲ್ 650, ಕಂಟ್ರೋಲರ್ 280, ಎಲ್‌ಎಂ 2596 ಬೋರ್ಡು 70, ಫ್ಯೂಸು ವೈರು ಸೇರಿ 150. ಒಟ್ಟು 1150 ರೂಪಾಯಿ, ಬ್ಯಾಟರಿ ಅಟ್ಟದ್ದು. ಗಡಿಯಾರದ ಸಾಮಾನು ಬೇರೆ 700. ಮೂರು ಪಾಲು ಮಾಡಿದ್ವಿ. ಗಡಿಯಾರಕ್ಕಿಂತ ಅದರ ಊಟಕ್ಕೇ ಜಾಸ್ತಿ ಆಯ್ತಲ್ಲ ಅಂತ ತಮ್ಮ ಗೊಣಗಿದ. ಕಾರ್ಬುರೇಟರ್‌ಗಿಂತ ಪೆಟ್ರೋಲಿಗೆ ಜಾಸ್ತಿ ಆಗಲ್ವೇನೋ ಅಂದೆ.

ಹಾಕಿ ಐದು ತಿಂಗಳು ಆಯ್ತು. ಆಷಾಢದಲ್ಲಿ ಎಂಟು ದಿನ ಸೂರ್ಯನ ಮುಖ ಕಾಣದಿದ್ದಾಗ ದಿನಾ ಬೆಳಿಗ್ಗೆ ಮೀಟರ್ ಹಿಡೀತಿದ್ದೆ, 12.1ಕ್ಕಿಂತ ಕೆಳಗೆ ಹೋಗಲಿಲ್ಲ. ಪ್ಯಾನಲ್ ಮೇಲೆ ಹಕ್ಕಿ ಹಿಕ್ಕೆ, ಧೂಳು ಕೂರುತ್ತೆ, ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೇಲಿ ಒರೆಸಬೇಕು. ಬಿಲ್ಲೆ ಸೆಲ್ಲು ಹಾಕಿದ ತಾರೀಖನ್ನ ಪೆಟ್ಟಿಗೆ ಒಳಗೆ ಬರೆದಿಟ್ಟಿದೀವಿ, ಮೂರು ವರ್ಷಕ್ಕೆ ಬದಲಾಯಿಸೋದು ಅಂತ. ನೋಟ್‌ಬುಕ್ಕಲ್ಲಿ ಮೂರು ಜನದ ಕೈಬರಹ ಇದೆ, ಒಂದು ಕಡೆನೂ ಹೊಡೆದು ತಿದ್ದಿದ್ದು ಇಲ್ಲ. ಹೋದ ವಾರ ರಾತ್ರಿ ಪಾಳೀಲಿ ಕರೆಂಟು 35 ನಿಮಿಷ ಹೋಗಿತ್ತು. ಅತ್ತಿಗೆ ಪಾಲಿನದು. ತಮ್ಮನ ಹೆಂಡ್ತಿ ತಾನೇ ಬರೆದು, ತನ್ನ ಪಾಳೀಲಿ ಅಷ್ಟು ಬಿಟ್ಟುಕೊಟ್ಟು ಹೋಗಿದ್ಲು.

ಈಗ ತಮ್ಮಂದು ಹೊಸ ಬೇಡಿಕೆ. ಅದೇ ಬ್ಯಾಟರಿಗೆ ಮೊಬೈಲ್ ಚಾರ್ಜ್ ಮಾಡೋ ಪಿನ್ನು ಹಾಕಿ ಅಂತಾನೆ. ಈಗಿನ 5000 ಎಂಎಎಚ್ ಫೋನು ಒಂದು ಸಲ ತುಂಬೋಕೆ 20 ವಾಟ್ ಅವರ್ ಮೇಲೆ ಬೇಕು, ಗಡಿಯಾರದ ಎರಡು ದಿನದ ಊಟ ಒಂದೇ ಸಲಕ್ಕೆ ಖಾಲಿ. ಆ ಬ್ಯಾಟರಿಗೆ ಕೈ ಹಾಕಬೇಡ ಅಂದೆ. ಅವನ ಹಳೇ ಸ್ಪ್ರೇಯರ್ ಬ್ಯಾಟರಿ ಇದೆಯಲ್ಲ, ಅದನ್ನ ಚಾರ್ಜಿಗೆ ಹಾಕಿದೀವಿ, ಭಾನುವಾರ ಬಲ್ಬು ಪರೀಕ್ಷೆ. ಎರಡೂವರೆ ಗಂಟೆಯಾದ್ರೂ ಉರಿದ್ರೆ ಇನ್ನೊಂದು ಪ್ಯಾನಲ್ ತಂದು ಬೇರೆನೇ ಜೋಡಿಸೋಣ, ದುಡ್ಡು ಮೂರು ಪಾಲು ಅಂತ ಅತ್ತಿಗೆನೇ ಹೇಳಿದಾರೆ.